ಕ್ಯಾತಮ್ಮ ಕೂತ ಚಪ್ಪಡಿ

ಚಳ್ಳಕೆರೆಯಲ್ಲಿ ಟ್ಯಾಂಕರ್ ಇಟ್ಟಿದ್ದೇನೆ ಎಂದರೆ ಜನ ಎಣ್ಣೆ ಟ್ಯಾಂಕರ್ ಎಂದುಕೊಂಡು ಕುರ್ಚಿ ಹಾಕುತ್ತಾರೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಗಾಡಿ ಎಂದು ಗೊತ್ತಾದ ಮೇಲೆ ಅದೇ ಕುರ್ಚಿಯನ್ನು ಒಳಗೆ ಎತ್ತಿಟ್ಟುಕೊಳ್ಳುತ್ತಾರೆ. ನಮ್ಮಪ್ಪ ತಿಪ್ಪೇರುದ್ರಪ್ಪನವರು ಎಣ್ಣೆ ಮಿಲ್ಲಿನ ವ್ಯಾಪಾರದಲ್ಲೇ ತಲೆ ನೆರೆಸಿದವರು. ಮಗ ಮಲ್ಲಿಕ್ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ‘ಟ್ರಾನ್ಸ್‌ಪೋರ್ಟ್’ ಎನ್ನುತ್ತಾರೆ. ಸುಳ್ಳೇನೂ ಅಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ನನಗೆ ಕಲಿಸಿದ ಮೇಷ್ಟ್ರ ಮನೆಯ ಗುಂಡಿಯನ್ನೂ ನಾನೇ ಖಾಲಿ ಮಾಡಿದ್ದೇನೆ. ಕೆಸರು ಇಂಥದ್ದೂ ಇರುತ್ತದೆ ಎಂದು ಅವರು ಅಂದುಕೊಂಡಿರಲಿಲ್ಲವೋ ಏನೋ, ಮೂಗಿಗೆ ಟವೆಲ್ ಒತ್ತಿಕೊಂಡು ಕಾಂಪೌಂಡಿನ ಆಚೆ ನಿಂತಿದ್ದರು.

ನನಗೆ ಕೋಪ ಬೇಗ ಬರುತ್ತದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಮಾತೂ ಬರುತ್ತದೆ, ಜಗಳವೂ ಬರುತ್ತದೆ. ಈ ಕೆಲಸ ಹಾಗೇ ಮಾಡುತ್ತದೆ. ಬೇರೆಯವರು ಜನರ ಮನೆಯ ಹಜಾರ ನೋಡಿದರೆ ನಾವು ಹಿತ್ತಿಲು ನೋಡುತ್ತೇವೆ, ಹಿತ್ತಿಲು ನೋಡಿದವನಿಗೆ ಜನರ ಮೇಲೆ ಗೌರವ ಉಳಿಯುವುದು ಕಷ್ಟ. ಇಷ್ಟು ವರ್ಷಗಳಲ್ಲಿ ನನಗೆ ಕೈ ಮುಗಿಯಬೇಕು ಅನ್ನಿಸಿದ್ದು ಒಬ್ಬಳಿಗೆ, ಅದೂ ಮೊದಲ ದಿನ ನಾನು ಚೆನ್ನಾಗಿ ಬೈದಿದ್ದ ಹೆಂಗಸಿಗೆ. ಆಕೆಯ ಹೆಸರು ಕ್ಯಾತಮ್ಮ.

ಕೊಂಡ್ಲಹಳ್ಳಿ ದಾಟಿ ಬಲಕ್ಕೆ ಒಳಗೆ ಹೋದರೆ ಒಂದು ಗೊಲ್ಲರಹಟ್ಟಿ. ಮನೆಗಳೆಲ್ಲ ಈಗ ತಾರಸಿಯವು, ಪ್ರತಿ ತಾರಸಿಯ ಮೇಲೂ ಡಿಶ್ಶು. ಆದರೆ ಹಟ್ಟಿಯ ಸುತ್ತ ಮಾತ್ರ ಹಿಂದಿನಿಂದ ಬಂದ ಹಾಗೇ ಜಾಲಿ ಮುಳ್ಳಿನ ಬೇಲಿ, ಆಳೆತ್ತರ, ಒಂದು ಗಾಡಿಯಷ್ಟು ದಪ್ಪ. ಬೇಲಿಗೆ ಒಂದೇ ಬಾಗಿಲು. ಬಾಗಿಲು ದಾಟಿದ ಕೂಡಲೇ ದೇವರ ಗುಡಿ. ಹಾಗಾಗಿ ಚಪ್ಪಲಿಯನ್ನು ಬೇಲಿಯ ಹೊರಗೇ ಬಿಡಬೇಕು. ಮೈಲಿಗೆಯ ಯಾವ ವಸ್ತುವೂ ಆ ಬಾಗಿಲಲ್ಲಿ ಬರುವಂತಿಲ್ಲ, ಬೇಲಿಗೆ ಇನ್ನೊಂದು ಕಂಡಿ ತೆಗೆಯುವಂತೆಯೂ ಇಲ್ಲ. ವರ್ಷಕ್ಕೊಮ್ಮೆ ಹೊಸ ಮುಳ್ಳು ಹೊದಿಸುವ ದಿನ ಬಿಟ್ಟರೆ ಅದನ್ನು ಯಾರೂ ಮುಟ್ಟುವುದಿಲ್ಲ.

ಆ ಹಟ್ಟಿಯ ಲೋಹಿತ ಫೋನ್ ಮಾಡಿದ್ದ. “ಅಣ್ಣಾ, ಗುಂಡಿ ತುಂಬೈತೆ. ಬಚ್ಚಲಾಗೆಲ್ಲ ವಾಪಸ್ ಬರ್ತೈತೆ. ಅಪ್ಪಂಗೆ ಭಾಳ ತೊಂದ್ರೆ ಆಗೈತೆ.”

ಅಪ್ಪ ಎಂದರೆ ಯತ್ತಪ್ಪ. ಒಂದು ಕಾಲಕ್ಕೆ ಸುತ್ತಲ ಹಳ್ಳಿಗಳಲ್ಲಿ ಬಾವಿ ತೋಡಬೇಕೆಂದರೆ ಇವನನ್ನೇ ಕರೆಯುತ್ತಿದ್ದರಂತೆ. ಸೊಂಟದ ಮೂಳೆ ಮುರಿದ ಮೇಲೆ ವಾಕರ್ ಹಿಡಿದು ಹಿತ್ತಿಲಿನವರೆಗೆ ಹೋಗಿ ಬರುವುದೇ ಅವನಿಗೆ ದೊಡ್ಡ ಪ್ರಯಾಣ. ಬಯಲಿಗೆ ಹೋಗುವ ಮಾತೇ ಇಲ್ಲ. ಅವನಿಗಾಗಿಯೇ ಮಗ ಪಾಯಿಖಾನೆ ಕಟ್ಟಿಸಿದ್ದ, ಹಟ್ಟಿಯಲ್ಲಿ ಅದೇ ಮೊದಲನೆಯದು. ಗುಂಡಿಯನ್ನು ಯತ್ತಪ್ಪನೇ ಮಂಚದ ಮೇಲೆ ಕೂತು ತೋಡಿಸಿದ. ತೋಡಿಸಿದ್ದು ಬಾವಿಯ ಹಾಗೆ: ಅಗಲ ಕಮ್ಮಿ, ಆಳ ಜಾಸ್ತಿ, ಸುತ್ತ ಕಲ್ಲಿನ ಕಟ್ಟಡ, ಮೇಲೆ ಒಂದು ಬಂಡೆ ಚಪ್ಪಡಿ. ಗಾಳಿ ಹೋಗಲು ಪೈಪಿಲ್ಲ. ಕಲ್ಲು ಕೂರಿಸಿದ ಅಂದ ನೋಡಿದರೆ ಶಹಬ್ಬಾಸ್ ಅನ್ನಬೇಕು, ಉಳಿದದ್ದು ನೋಡಿದರೆ ತಲೆ ಚಚ್ಚಿಕೊಳ್ಳಬೇಕು.

ನಾನು ಮತ್ತು ಗಾಡಿ ಓಡಿಸುವ ಎರ್ರಿಸ್ವಾಮಿ ಬರಿಗಾಲಲ್ಲಿ ಒಳಗೆ ಹೋಗಿ ನೋಡಿದೆವು. ಚಪ್ಪಡಿಯ ಸಂದಿಯಿಂದ ಕಡ್ಡಿ ಇಳಿಸಿದರೆ ಗಾರೆಗೆ ಚುಚ್ಚಿದ ಹಾಗೆ ನಿಂತುಕೊಂಡಿತು. ನಾಲ್ಕು ಜನರ ಮನೆಯ ಗುಂಡಿ ಇಷ್ಟು ಬೇಗ ಇಷ್ಟು ಗಟ್ಟಿಯಾಗುವುದು ಹೇಗೆ ಎಂದು ಕೇಳುತ್ತಿರುವಾಗಲೇ ಕ್ಯಾತಮ್ಮ ಬಂದಳು. ಯತ್ತಪ್ಪನ ಹೆಂಡತಿ, ಎಲುಬಿಗೆ ಚರ್ಮ ಅಂಟಿಸಿದ ಹಾಗಿರುವ ಮುದುಕಿ. ಕೈಯಲ್ಲಿ ಫಿನಾಯಿಲ್ ಬಾಟಲಿ, ಇನ್ನೊಂದು ಕೈಯಲ್ಲಿ ಒಲೆ ಬೂದಿಯ ಬಾಂಡಲಿ. ನಾವು ನಿಂತಿರುವಂತೆಯೇ ದೂರದಿಂದ ಫಿನಾಯಿಲನ್ನು ಪಾಯಿಖಾನೆಯ ಬೇಸಿನ್ನಿಗೆ ಎರಚಿದಳು, ಅದರ ಹಿಂದೆ ಬೂದಿ ಸುರಿದಳು, ಕೊನೆಗೆ ಗೋಡೆ ಪಕ್ಕದ ಬಕೆಟ್ಟಿನಿಂದ ಒಂದು ಚೆಂಬು ಸುಣ್ಣದ ನೀರು. ದೃಷ್ಟಿ ತೆಗೆದ ಹಾಗೆ ಹಿಂದಕ್ಕೆ ಸರಿದಳು.

“ದಿನಾ ಹಿಂಗೇ ಮಾಡ್ತೀಯಾ ಅವ್ವಾ?” ಎಂದೆ.

“ಮತ್ತೆ? ಹಟ್ಟಿ ಒಳಗೆ ಇಂಥದ್ದು ಇಕ್ಕೊಂಡಿದೀವಿ. ಸುದ್ದ ಮಾಡಬ್ಯಾಡ್ವಾ?”

ಆಗ ನಾನು ಬೈದೆ. ಬೂದಿ ಕರಗುವುದಿಲ್ಲ, ತಳದಲ್ಲಿ ಕೂತು ಕಲ್ಲಾಗುತ್ತದೆ. ಫಿನಾಯಿಲು, ಸುಣ್ಣ ದಿನವೂ ಬಿದ್ದರೆ ಗುಂಡಿಯೊಳಗೆ ಕೊಳೆಯಬೇಕಾದ್ದು ಕೊಳೆಯುವುದಿಲ್ಲ. ನಿನ್ನ ಶುದ್ಧದಿಂದಲೇ ಇದು ತುಂಬಿರುವುದು ಎಂದೆ. ಆಕೆ ಒಂದು ಮಾತೂ ತಿರುಗಿ ಆಡದೆ ಕೇಳಿದಳು. ಕೇಳಿ, “ಕೊಳೆಸೋದು ಯಾರು?” ಎಂದಳು.

“ಕಣ್ಣಿಗೆ ಕಾಣದ ಹುಳ ಅವ್ವಾ. ಹಾಲಿಗೆ ಹೆಪ್ಪು ಹಾಕ್ತೀಯಲ್ಲ, ಅಂಥದ್ದೇ. ನೀನು ದಿನಾ ಹೆಪ್ಪಿಗೆ ವಿಷ ಹಾಕ್ತಿದೀಯ.”

ಕ್ಯಾತಮ್ಮ ಕೈಯಲ್ಲಿದ್ದ ಬಾಟಲಿಯನ್ನು ನೋಡಿದಳು. “ಯಾರೂ ಹೇಳಿರ್ಲಿಲ್ಲ ಬಿಡು” ಎಂದು ಅದನ್ನು ಗೋಡೆಯ ಮೇಲಿಟ್ಟಳು. ಇಷ್ಟೇ. ಚಳ್ಳಕೆರೆಯ ಬಂಗಲೆಗಳಲ್ಲಿ ಇದೇ ಮಾತು ಹೇಳಿದಾಗ ನನ್ನ ಜೊತೆ ವಾದಕ್ಕೆ ನಿಂತವರ ಮುಖಗಳು ನೆನಪಾಗಿ, ಬೈದದ್ದು ಜಾಸ್ತಿಯಾಯಿತೇನೋ ಅನ್ನಿಸಿತು.

ಆದರೆ ಅಂದು ಕೆಲಸ ಆಗಲಿಲ್ಲ. ಗಾಡಿ ಬಾಗಿಲಿಗೆ ಬಂದದ್ದು ನೋಡಿ ಹಟ್ಟಿಯ ಹಿರಿಯ ದೊಡ್ಡಪಾಲಯ್ಯ ಅಡ್ಡ ನಿಂತರು. ಗುಡಿಯ ಪೂಜೆಯೂ ಅವರದೇ. ಗಾಡಿ ಹೊರಗೇ ಇರಲಿ, ಪೈಪು ಮಾತ್ರ ಒಳಗೆ ಹಾಕುತ್ತೇನೆ ಎಂದೆ. ಪೈಪು ಹೋಗುವುದು ಗುಡಿಯ ಮುಂದೆಯೇ ತಾನೇ ಎಂದರು. ಹಾಗಾದರೆ ಹಿತ್ತಿಲ ಕಡೆ ಬೇಲಿಗೆ ಕಂಡಿ ಮಾಡಿಕೊಡಿ, ಗುಂಡಿ ಅಲ್ಲಿಂದ ಹತ್ತು ಹೆಜ್ಜೆಯೂ ಇಲ್ಲ ಎಂದೆ. ನಮ್ಮ ಅಜ್ಜ ಮುತ್ತಜ್ಜರ ಕಾಲದಿಂದ ಬೇಲಿಗೆ ಎರಡನೇ ಬಾಗಿಲು ಆಗಿಲ್ಲ ಎಂದರು. ಬೇಲಿಯ ಹೊರಗಿನಿಂದಲೇ ಮುಳ್ಳಿನ ಮೇಲೆ ಪೈಪು ಎಸೆಯಲು ಎರ್ರಿಸ್ವಾಮಿ ನೋಡಿದ. ಮುಳ್ಳಿಗೆ ಸಿಕ್ಕಿ ಪೈಪು ತೂತಾಗಿ, ಅದನ್ನು ಬಿಡಿಸಿಕೊಳ್ಳುವುದೇ ಒಂದು ಕೆಲಸವಾಯಿತು. “ವದ್ದು ಸಾಮೀ, ಪೋದಾಂ ಪದ” ಎಂದು ಅವನು ತೆಲುಗಿನಲ್ಲಿ ಗೊಣಗಿದ. ಬೇಡ, ಹೋಗೋಣ ನಡಿ. ನಾನೂ ಎಲ್ಲರಿಗೂ ಕೇಳುವಂತೆ ಎರಡು ಮಾತು ಬೈದು ಗಾಡಿ ಹತ್ತಿದೆ.

ಆಮೇಲಿನ ಸೋಮವಾರ ಬೆಳಿಗ್ಗೆ ಗೌರಸಮುದ್ರದಲ್ಲಿ ಒಂದು ಮನೆಯ ಕೆಲಸ ಮುಗಿಸಿ ಪೈಪು ಸುತ್ತುತ್ತಿದ್ದೆ. ಲೋಹಿತನ ನಂಬರಿನಿಂದ ಫೋನು ಬಂತು. ಮಾತಾಡಿದ್ದು ಕ್ಯಾತಮ್ಮ.

“ಮಗಾ, ಲೋಹಿತ ಗುಂಡಿ ಒಳಾಕೆ ಇಳೀತಾನಂತೆ. ಬಕೆಟ್ಟಾಗೆ ಮೊಗೆದು ಹಾಕ್ತಾನಂತೆ. ಅವರಪ್ಪ ಹಗ್ಗ ರೆಡಿ ಮಾಡವ್ನೆ. ನನಗ್ಯಾಕೋ ಸರಿ ಕಾಣ್ತಿಲ್ಲ. ನೀನು ಬಾ.”

“ಇಳೀಬಾರ್ದು ಅವ್ವಾ! ಅವನ ಕೈಗೆ ಫೋನ್ ಕೊಡು” ಎಂದು ಕಿರುಚಿದೆ. ಆ ಕಡೆ ಗದ್ದಲ ಕೇಳಿಸಿತು, ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ಎರ್ರಿಸ್ವಾಮಿ ಆ ದಿನ ಓಡಿಸಿದ ಹಾಗೆ ಅರ್ಧ ತುಂಬಿದ ಟ್ಯಾಂಕರನ್ನು ಯಾರೂ ಓಡಿಸಬಾರದು. ಬೇರೆ ಜಿಲ್ಲೆಯ ಒಂದು ಊರಿನಲ್ಲಿ ಇಂಥದೇ ಗುಂಡಿಯಿಂದ ಇಬ್ಬರನ್ನು ಹೊರಗೆ ಎಳೆದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊದಲನೆಯವನು ಇಳಿದು ಬಿದ್ದ, ಅವನನ್ನು ಎತ್ತಲು ಇಳಿದ ತಮ್ಮ ಅವನ ಮೇಲೇ ಬಿದ್ದ. ಇಬ್ಬರ ಮೈಮೇಲೂ ಒಂದು ಗಾಯವಿರಲಿಲ್ಲ. ಹಟ್ಟಿಗೆ ಹೋಗುವ ಹೊತ್ತಿಗೆ ಹಾಗೆ ಆಗಿರದಿರಲಿ ಎಂದು, ದೇವರ ಜೊತೆ ಅಷ್ಟಾಗಿ ಮಾತುಕತೆಯಿಲ್ಲದ ನಾನು, ದೇವರನ್ನು ಕೇಳಿಕೊಂಡೆ.

ಹಟ್ಟಿಯ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಇಬ್ಬರೂ ಒಳಗೆ ಓಡಿದೆವು. ಹಿತ್ತಿಲಿನಲ್ಲಿ ಅರ್ಧ ಹಟ್ಟಿ ಸೇರಿತ್ತು. ಲೋಹಿತ ಚಡ್ಡಿ ಹಾಕಿಕೊಂಡು ಸೊಂಟಕ್ಕೆ ಹಗ್ಗ ಬಿಗಿದು ನಿಂತಿದ್ದ. ಜೀವಂತವಾಗಿದ್ದ. ಚಪ್ಪಡಿಯ ಅಂಚಿಗೆ ಹಾರೆ ಸಿಕ್ಕಿಸಿದ್ದರು, ಗುಡಿಗೆ ಹಾಲು ಕೊಟ್ಟು ಬರುವವರೆಗೆ ಮುಟ್ಟಬೇಡಿ ಎಂದು ಕ್ಯಾತಮ್ಮ ಹೇಳಿ ಹೋಗಿದ್ದಳಂತೆ, ಅದಕ್ಕೇ ಇನ್ನೂ ಎಬ್ಬಿಸಿರಲಿಲ್ಲ. ಯತ್ತಪ್ಪ ಮಂಚದ ಮೇಲೆ ಕೂತು ಒಂದು ಹಳೆಯ ಲಾಟೀನಿಗೆ ಹಗ್ಗ ಕಟ್ಟುತ್ತಿದ್ದ.

“ಆ ಲಾಟೀನು ಯಾತಕ್ಕೆ?” ಎಂದೆ.

“ಯಾತಕ್ಕೆ ಅಂದ್ರೆ? ಮೊದ್ಲು ದೀಪ ಇಳಿಸ್ತೀನಿ. ದೀಪ ಕೆಟ್ರೆ ಇಳಿಯಂಗಿಲ್ಲ, ಉರಿದ್ರೆ ಇಳೀಬೋದು. ಎಷ್ಟು ಬಾವಿ ಇಳಿದಿದೀನಿ ನಾನು, ನೀನು ನನಗೆ ಹೇಳ್ಕೊಡ್ತೀಯಾ?”

ಬಾವಿಯ ವಿಷಯದಲ್ಲಿ ಅವನ ಮಾತು ನೂರಕ್ಕೆ ನೂರು ನಿಜ. ಒಳಗೆ ಉಸಿರಾಡುವ ಗಾಳಿ ಇದೆಯೋ ಇಲ್ಲವೋ ಎಂದು ದೀಪ ಹೇಳುತ್ತದೆ, ಅದನ್ನು ನಂಬಿಯೇ ಅವನು ಇಷ್ಟು ಕಾಲ ಬದುಕಿ ಬಂದಿದ್ದಾನೆ. ಅದಕ್ಕೇ ನನಗೆ ಭಯವಾಗಿದ್ದು. ಏನೂ ಗೊತ್ತಿಲ್ಲದವನನ್ನು ಹೆದರಿಸಬಹುದು, ಗೊತ್ತಿರುವವನನ್ನು ಹೇಗೆ ಹೆದರಿಸುವುದು?

“ಯತ್ತಪ್ಪಣ್ಣಾ, ಇದು ಬಾವಿ ಅಲ್ಲ. ಇದರೊಳಗಿನ ಗಾಳಿಗೆ ಬೆಂಕಿ ಹತ್ತುತ್ತೆ. ಲಾಟೀನು ಇಳಿಸಿದ್ರೆ ಚಪ್ಪಡಿ ಸಮೇತ ಮೇಲಕ್ಕೆ ಹಾರುತ್ತೆ. ಹಾರಲಿಲ್ಲ ಅಂತಲೇ ಇಟ್ಕೋ, ಇಲ್ಲಿರೋ ವಿಷಗಾಳಿ ದೀಪಕ್ಕೆ ಗೊತ್ತಾಗಲ್ಲ. ದೀಪ ಉರೀತಾನೇ ಇರುತ್ತೆ, ನಿನ್ನ ಮಗ ಆರಿಹೋಗ್ತಾನೆ.”

ಜನ ಗುಜುಗುಜು ಎಂದರು. ಲೋಹಿತ ನಕ್ಕ. ಹೆದರಿಕೆ ಇದ್ದವನು ಧೈರ್ಯ ತೋರಿಸಲು ನಗುವ ನಗು. “ಮೂಗಿಗೆ ಬಟ್ಟೆ ಕಟ್ಕೊಂತೀನಿ ಬಿಡಣ್ಣ. ಅಪ್ಪ ಮೂರು ದಿನದಿಂದ ಹೊಟ್ಟೆಗೆ ಸರಿಯಾಗಿ ತಿಂತಿಲ್ಲ, ತಿಂದ್ರೆ ಹೋಗಬೇಕಲ್ಲ ಅಂತ. ಗಾಡಿ ಬಿಡಲ್ಲ ಅಂತಾರೆ. ಇನ್ನೇನ್ ಮಾಡ್ಲಿ?”

“ಲೇ, ಬಟ್ಟೆ ಕಟ್ಕೊಂಡು ಸತ್ತೋರನ್ನ ನೋಡಿದೀನಿ ಕಣಲೇ ನಾನು!” ಎಂದು ಅವನ ಹಗ್ಗಕ್ಕೆ ಕೈ ಹಾಕಿದೆ. ಅವನು ತಳ್ಳಿದ. ಎರ್ರಿಸ್ವಾಮಿ ಹಾರೆ ಕಿತ್ತುಕೊಳ್ಳಲು ಹೋದ, ಅವನನ್ನು ಇನ್ಯಾರೋ ಹಿಡಿದುಕೊಂಡರು. ದೊಡ್ಡಪಾಲಯ್ಯನವರತ್ತ ತಿರುಗಿ, ಬೇಲಿ ಬಿಡಿಸಿಕೊಡಿ ಎಂದು ಬೇಡಿಕೊಂಡೆ. ಅವರು ಕೆಟ್ಟವರಲ್ಲ, ಅವರ ಮುಖವೂ ಸಣ್ಣಗಾಗಿತ್ತು. “ನಾನೊಬ್ಬ ಮಾಡಿದ ಬೇಲಿ ಅಲ್ಲಪ್ಪ ಅದು, ನಾನೊಬ್ಬ ಹೆಂಗೆ ಬಿಚ್ಲಿ?” ಎಂದರು.

ಆ ಹೊತ್ತಿಗೆ ಜನ ತಟ್ಟನೆ ಎರಡು ಪಾಲಾಗಿ ದಾರಿ ಬಿಟ್ಟರು. ಕ್ಯಾತಮ್ಮ ಬರುತ್ತಿದ್ದಳು. ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲಿ, ಕೈಯಲ್ಲಿ ಹಾಲಿನ ಚೆಂಬು. ಸೋಮವಾರ ದೇವರಿಗೆ ಮೀಸಲು ಹಾಲು ಕೊಡುವ ದಿನವೆಂದೂ, ಆ ಮನೆಯ ಹಸುವಿನ ಮೊದಲ ಹಾಲನ್ನು ಗುಡಿಗೆ ಮುಟ್ಟಿಸುವವರೆಗೆ ಆಕೆ ಯಾರನ್ನೂ ಮುಟ್ಟುವುದಿಲ್ಲ, ಯಾರೂ ಆಕೆಗೆ ಎದುರು ಬರುವುದಿಲ್ಲವೆಂದೂ ಎರ್ರಿಸ್ವಾಮಿಯನ್ನು ಹಿಡಿದಿದ್ದವನು ಪಿಸುಗುಟ್ಟಿದ. ಮದುವೆಯಾಗಿ ಬಂದಾಗಿನಿಂದ ಒಂದು ಸೋಮವಾರ ತಪ್ಪಿಸಿದವಳಲ್ಲವಂತೆ. ಮಗ ಕಟ್ಟಿಸಿದ ಪಾಯಿಖಾನೆಗೆ ಇವತ್ತಿಗೂ ಆಕೆ ಕಾಲಿಟ್ಟಿಲ್ಲವಂತೆ.

ಕ್ಯಾತಮ್ಮ ಗುಡಿಯ ಕಡೆ ತಿರುಗಲಿಲ್ಲ. ನೇರ ನನ್ನ ಮುಂದೆ ಬಂದು ನಿಂತಳು.

“ನಿಜ ಹೇಳು ಮಗಾ. ಇಳಿದ್ರೆ ಸಾಯ್ತಾನಾ?”

“ಸಾಯ್ತಾನೆ ಅವ್ವಾ. ಅವನನ್ನ ಎತ್ತೋಕೆ ಇಳಿದೋನೂ ಸಾಯ್ತಾನೆ.”

ಆಕೆ ಹಾಲಿನ ಚೆಂಬನ್ನು ನೆಲಕ್ಕಿಟ್ಟಳು. ಹಾರೆಯನ್ನು ಕಾಲಿನಿಂದ ಆಚೆ ತಳ್ಳಿದಳು. ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಾಯಿಖಾನೆಗೆ ದೂರದಿಂದಲೇ ಫಿನಾಯಿಲು ಎರಚುತ್ತಿದ್ದವಳು ಆ ಗುಂಡಿಯ ಚಪ್ಪಡಿಯ ಮೇಲೆ, ನಡುಮಧ್ಯಕ್ಕೆ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡರು. “ಏಯ್ ಕ್ಯಾತಿ, ಮ್ಯಾಲಕ್ಕೆ ಏಳೇ!” ಎಂದು ಯತ್ತಪ್ಪ ಮಂಚದಿಂದಲೇ ಕೂಗಿದ. ಲೋಹಿತ, “ಅವ್ವಾ, ಏನ್ ಮಾಡ್ತಿದೀಯ, ಮೀಸಲು ದಿನ” ಎಂದು ಹತ್ತಿರ ಬಂದ. “ಮುಟ್ಟಿದ್ರೆ ನೋಡು” ಎಂದಳು. ಅವನು ಅಲ್ಲೇ ನಿಂತ.

ದೊಡ್ಡಪಾಲಯ್ಯನವರು, “ಮೀಸಲು ಕೆಡ್ತಲ್ಲ ಕ್ಯಾತವ್ವಾ. ದೇವರು ಕಾಯ್ಕೊಂಡವ್ನೆ” ಎಂದರು.

“ದೇವ್ರು ಸಂಜೀತನಕ ಕಾಯ್ತಾನೆ ಮಾವಾ. ಸಂಜೀಗೆ ಮತ್ತೆ ಮಿಂದು, ಮತ್ತೆ ಕರೆದು ಕೊಡ್ತೀನಿ. ಮಗನ್ನ ಸಂಜೀಗೆ ಎಲ್ಲಿಂದ ತಂದುಕೊಡ್ಲಿ?”

ಆಕೆ ದನಿ ಏರಿಸಿರಲಿಲ್ಲ, ಕಣ್ಣೀರೂ ಇರಲಿಲ್ಲ. ಅಂಗಳದಲ್ಲಿ ಕೂತು ಕಾಳು ಹಸನು ಮಾಡುತ್ತಾ ಮಾತಾಡುವ ಹಾಗೆ ಮಾತಾಡುತ್ತಿದ್ದಳು.

“ನೀವು ಹಿರೇರು. ನೀವೇ ಹೇಳ್ರಿ. ಈ ಬೇಲಿ ಯಾತಕ್ಕೆ ಹಾಕಿದ್ರು ನಮ್ಮೋರು? ತೋಳ ಬಂದು ಮರಿ ಹೊತ್ಕೊಂಡು ಹೋಗಬಾರ್ದು, ಒಳಗಿರೋ ಜೀವ ಉಳೀಬೇಕು ಅಂತ ತಾನೇ? ಬೇಲಿ ಉಳಿಸೋಕೆ ಜೀವ ಕೊಡ್ರಿ ಅಂತ ಯಾವ ಅಜ್ಜ ಹೇಳಿದ್ದ? ನೀವು ಕಂಡಿ ಬಿಡಿಸೋತನಕ ನಾನು ಇಲ್ಲಿಂದ ಏಳಂಗಿಲ್ಲ. ಇವನು ಇಳೀಬೇಕಾದ್ರೆ ನನ್ನ ಎತ್ತಿ ಪಕ್ಕಕ್ಕೆ ಇಕ್ಕಿ ಇಳೀಲಿ.”

ನಾನು ಜಗಳಗಂಟ. ಜೋರು ಮಾತಿನಿಂದ ಕೆಲಸವಾಗುತ್ತದೆ ಎಂದು ನಂಬಿದವನು. ಅಷ್ಟು ಕೂಗಾಡಿ ನನ್ನಿಂದ ಆಗದ್ದನ್ನು ಆಕೆ ಕೂತ ಜಾಗದಿಂದ ಮಾಡುತ್ತಿದ್ದಳು, ಅದಕ್ಕಾಗಿ ಜೀವಮಾನವಿಡೀ ಕಾಪಾಡಿಕೊಂಡು ಬಂದದ್ದನ್ನು ಒಂದು ಗಳಿಗೆಯಲ್ಲಿ ನೆಲಕ್ಕಿಟ್ಟಿದ್ದಳು. ಮಡಿ ಮೈಲಿಗೆ ಎಂದರೆ ನಗುವವನು ನಾನು. ಅಂದು ನಗು ಬರಲಿಲ್ಲ. ಆ ಮಡಿಯ ಬೆಲೆ ಏನೆಂದು ಆ ಹಟ್ಟಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಆಕೆಯೇ.

ದೊಡ್ಡಪಾಲಯ್ಯನವರು ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡರು. ಗುಡಿಯ ಕಡೆ ತಿರುಗಿ ಕೈ ಮುಗಿದರು. ಆಮೇಲೆ ಹಿತ್ತಿಲ ಬೇಲಿಯ ಹತ್ತಿರ ಹೋಗಿ, ಮಚ್ಚು ತರುತ್ತೇನೆ ಎಂದವನನ್ನು ತಡೆದು, ಬರಿಗೈಯಿಂದ ಮೊದಲನೆಯ ಮುಳ್ಳುಕಂಟಿಯನ್ನು ಎಳೆದರು. ಎರಡನೆಯದಕ್ಕೆ ಲೋಹಿತ ಕೈ ಹಾಕಿದ, ಸೊಂಟದ ಹಗ್ಗ ಬಿಚ್ಚುವುದನ್ನೂ ಮರೆತು. ಮೂರನೆಯದಕ್ಕೆ ಇಡೀ ಹಟ್ಟಿ ಕೈ ಹಾಕಿತು. ಎಲ್ಲರ ಕೈಯಲ್ಲೂ ರಕ್ತ, ಆದರೂ ಜಾತ್ರೆಗೆ ಚಪ್ಪರ ಹಾಕುವವರ ಹಾಗೆ ಗಲಾಟೆ.

ನಾವು ಗಾಡಿಯನ್ನು ಸುತ್ತು ಹಾಕಿ ಹೊಲದ ಕಡೆಯಿಂದ ತಂದೆವು. ಗೌರಸಮುದ್ರದ ಸರಕು ಒಳಗೇ ಇತ್ತಾದರೂ ಇನ್ನೂ ಅರ್ಧ ಜಾಗವಿತ್ತು. ಪೈಪು ಕಂಡಿಯಿಂದ ಒಳಗೆ ಬಂದ ಮೇಲೆಯೇ ಕ್ಯಾತಮ್ಮ ಎದ್ದಳು. ಲಾಟೀನನ್ನು ದೂರ ಕಳಿಸಿದೆ, ಬೀಡಿ ಸೇದುವವರನ್ನು ಆಚೆಗಟ್ಟಿದೆ, ಚಪ್ಪಡಿ ಸರಿಸಿ ಗಾಳಿಯಾಡಲು ಬಿಟ್ಟು ಎಲ್ಲರನ್ನೂ ಹಿಂದಕ್ಕೆ ನಿಲ್ಲಿಸಿದೆ. ತಳದ ಬೂದಿ ಮೊಂಡು ಹಿಡಿದಿತ್ತು. ಮೇಲಿನಿಂದ ನೀರು ಬಿಟ್ಟು, ಉದ್ದ ಬಿದಿರ ಗಳುವಿನಿಂದ ಕದಡಿ, ಪಂಪಿನಿಂದ ಎಳೆಸಿ, ಮತ್ತೆ ಕದಡಿ, ಯಾರೂ ಕಾಲಿಡದೆ ಗುಂಡಿ ಇಳಿಯಿತು. ಕಲ್ಲಿನ ಕಟ್ಟಡ ಒಂದೊಂದೇ ವರಸೆ ಹೊರಗೆ ಕಂಡಂತೆ ಯತ್ತಪ್ಪನ ಮುಖ ಅರಳಿತು. “ಎಲ್ಲಾರ ಒಂದು ಕಲ್ಲು ಅಲ್ಲಾಡೈತಾ ನೋಡು” ಎಂದ. ಅಲ್ಲಾಡಿರಲಿಲ್ಲ. ಗಾಳಿಗೆ ಒಂದು ಪೈಪು ಎತ್ತರಕ್ಕೆ ನಿಲ್ಲಿಸಿಬಿಡು, ನಿನ್ನ ಗುಂಡಿಯಂಥ ಗುಂಡಿ ತಾಲ್ಲೂಕಿನಲ್ಲೇ ಇರಲ್ಲ ಎಂದೆ. ನಿಜವಾಗಿಯೇ ಹೇಳಿದೆ.

“ಸಾಕು ನಿಲ್ಸು” ಎಂದಳು ಕ್ಯಾತಮ್ಮ ಇದ್ದಕ್ಕಿದ್ದಂತೆ.

“ಯಾಕವ್ವಾ?”

“ಪೂರ್ತಿ ಬಳಿದ್ರೆ ನಾಳೆ ಹೆಪ್ಪಿಗೆ ಏನ್ ಮಾಡ್ಲಿ? ತಳದಾಗೆ ಒಸಿ ಬಿಡು.”

ನಾನೇ ಹೇಳಬೇಕಿದ್ದ ಮಾತು. ಪಂಪು ನಿಲ್ಲಿಸಿ ಎರ್ರಿಸ್ವಾಮಿಯ ಮುಖ ನೋಡಿದೆ, ಅವನು ಬಿದ್ದು ಬಿದ್ದು ನಗುತ್ತಿದ್ದ. ಕ್ಯಾತಮ್ಮನಿಗೆ ನಗು ಬರಲಿಲ್ಲ. ಹೆಪ್ಪಿನ ವಿಷಯದಲ್ಲಿ ಆಕೆ ತಮಾಷೆ ಮಾಡುವವಳಲ್ಲ.

ಚಪ್ಪಡಿ ಮುಚ್ಚಿದ್ದಾಯಿತು. ಯತ್ತಪ್ಪ ವಾಕರ್ ಹಿಡಿದು ನಿಧಾನಕ್ಕೆ ಹಿತ್ತಿಲಿಗೆ ನಡೆದ, ಜನ ಸಭ್ಯತೆಯಿಂದ ಬೇರೆ ಕಡೆ ನೋಡಿದರು. ಕ್ಯಾತಮ್ಮ ಮತ್ತೆ ಮಿಂದು ಬಂದಳು. ನೆಲದ ಮೇಲೇ ಇದ್ದ ಚೆಂಬಿನ ಹಾಲನ್ನು ಕಾಯಿಸಿ, ಲೋಟಗಳಿಗೆ ಬಗ್ಗಿಸಿ, ಮೊದಲನೆಯದನ್ನು ಎರ್ರಿಸ್ವಾಮಿಗೆ, ಎರಡನೆಯದನ್ನು ನನಗೆ ಕೈಗೇ ಕೊಟ್ಟಳು. ಈ ಕೆಲಸದ ಬಟ್ಟೆಯಲ್ಲಿರುವಾಗ ನನಗೆ ನೀರನ್ನೂ ಮೇಲಿನಿಂದ ಹೊಯ್ಯುವ ಮನೆಗಳಿವೆ. ದೇವರಿಗೆಂದು ಕರೆದ ಹಾಲನ್ನು ಒಂದು ಹನಿಯೂ ಉಳಿಸದೆ ಕುಡಿದೆ.

ಮೂರನೆಯ ಲೋಟ ಲೋಹಿತನದು. ಅವನು ಮುಳ್ಳು ಚುಚ್ಚಿದ ಕೈಯನ್ನು ಮುಂದೆ ಚಾಚಿದ. ಕ್ಯಾತಮ್ಮ ಕೊಡಲಿಲ್ಲ. ಲೋಟವನ್ನು ಕೆಳಗಿಟ್ಟಳು. ಮಗನ ಮುಖವನ್ನು ಒಂದು ಗಳಿಗೆ ನೋಡಿದಳು. ನೋಡಿ, ಇಡೀ ಹಟ್ಟಿಯ ಎದುರಿಗೆ ಅವನ ಕಪಾಳಕ್ಕೆ ಛಟೀರೆಂದು ಒಂದು ಬಿಟ್ಟಳು.

“ಇಳೀತೀಯಾ? ಇನ್ನೊಂದ್ಸಲ ಇಳೀತೀಯಾ?”

ಅವನು “ಇಲ್ಲವ್ವಾ” ಎಂದ. ಆಕೆ ತಾನು ಹೊಡೆದ ಆ ಕೆನ್ನೆಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡು, ಬೆಳಗಿನಿಂದ ಅಳದೆ ಇದ್ದದ್ದನ್ನೆಲ್ಲ ಅಲ್ಲೇ ನಿಂತು ಅತ್ತಳು.